ಪಂದಲೂರಿನ ಬಂಗಾರ



‘ಅತಿಯಾಸೆ ಗತಿಕೇಡು’ ಎಂದು ಗಾದೆ ಹೇಳಿ ಮುಗಿಸುವುದು ಸುಲಭ. ಆದರೆ ಇದ್ದಬದ್ದದ್ದನ್ನೆಲ್ಲ, ಕೆಲವೊಮ್ಮೆ ಜೀವವನ್ನೇ, ಪಣಕ್ಕಿಟ್ಟು ಹಣದ ಹಿಂದೆ ಹೋಗುವವರೆಲ್ಲ ಬರೀ ಆಸೆಬುರುಕರೇ? ನಮ್ಮ ನೀಲಗಿರಿ ಜಿಲ್ಲೆಯಲ್ಲೇ ನಡೆದ ಒಂದು ಕಥೆ ಕೇಳಿ.

ಗೂಡಲೂರಿನಿಂದ ಮುಂದೆ ಹೋದರೆ ದೇವಾಲ, ಪಂದಲೂರು. ಈಗ ಅಲ್ಲಿ ಎತ್ತ ನೋಡಿದರೂ ಚಹಾ ತೋಟ. 1870ರ ದಶಕದಲ್ಲಿ ಇದ್ದದ್ದು ಕಾಫಿ. ಕಾಂಡ ಕೊರೆಯುವ ಹುಳು, ಎಲೆರೋಗ ಎರಡೂ ಬಡಿದು ಬಿಳಿಯ ತೋಟದ ಮಾಲೀಕರು ಕಂಗಾಲಾಗಿದ್ದರು. ಅಲ್ಲಿನ ಮಣ್ಣಿನಲ್ಲಿ ಬಂಗಾರದ ಕಣಗಳಿರುವುದು ಸ್ಥಳೀಯರಿಗೆ ಮೊದಲೇ ಗೊತ್ತಿತ್ತು. ತೊರೆಯ ಮರಳು ತೊಳೆದು ಅಷ್ಟಿಷ್ಟು ತೆಗೆಯುತ್ತಿದ್ದರು. ಆಸ್ಟ್ರೇಲಿಯಾದಲ್ಲಿ ಗಣಿ ಅಧಿಕಾರಿಯಾಗಿದ್ದ ಬ್ರಫ್ ಸ್ಮಿತ್ ಸರ್ಕಾರಕ್ಕೆ ಆಶಾದಾಯಕ ವರದಿ ಕೊಟ್ಟದ್ದೇ ತಡ, 1880-81ರಲ್ಲಿ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಕಾಫಿ ಸತ್ತ ಭೂಮಿಗೆ ಬಂಗಾರದ ಬೆಲೆ ಬಂತು! ಮಲೇರಿಯಾದ ಕಾಡಿನಲ್ಲಿ ಸುರಂಗ ಕೊರೆದರು, ಯಂತ್ರಗಳನ್ನು ಘಾಟಿ ಹತ್ತಿಸಿದರು. ಒಂದು ಟನ್ ಕಲ್ಲು ಅರೆದರೆ ಸಿಕ್ಕಿದ್ದು ಕೆಲವೇ ಗ್ರಾಂ. ಕೆಲವೇ ವರ್ಷಗಳಲ್ಲಿ ಎಲ್ಲ ಮುಗಿಯಿತು. ಭೂಮಿ ಮಾರಿದವನು ಬಚಾವಾದ, ಷೇರು ಕೊಂಡವನು ಕೆಟ್ಟ. ಇಂಥ ವ್ಯವಹಾರದಲ್ಲಿ ಲಾಭ ಮಾಡುವವನು ಸಾಮಾನ್ಯವಾಗಿ ಗುಂಡಿಗೆ ಇಳಿಯದವನೇ.

ಇನ್ನು ಕೋಲಾರ. ಅದೇ 1880ರಲ್ಲಿ ಅಲ್ಲಿಗಾಗಿ ಹುಟ್ಟಿದ ಮೈಸೂರು ಗಣಿ ಕಂಪನಿಯೂ ಹಣ ಕರಗಿ ಬಾಗಿಲು ಮುಚ್ಚುವುದರಲ್ಲಿತ್ತು. ಉಳಿದ ಹಣದಲ್ಲಿ ಇನ್ನಷ್ಟು ಅಗೆಯೋಣ ಎಂದವರ ಮಾತು ನಡೆದು, 1883ರ ಹೊತ್ತಿಗೆ ‘ಚಾಂಪಿಯನ್’ ಎಂಬ ಅದಿರಿನ ಪಟ್ಟಿ ಕೈಗೆ ಸಿಕ್ಕಿತು. ಕೋಲಾರದಲ್ಲಿ ಗಣಿ ಕೆಲಸ ನಡೆದದ್ದು 2001ರವರೆಗೆ. ಎರಡೂ ಕಡೆ ಹುಚ್ಚು ಒಂದೇ ಅಲ್ಲವೇ? ಗೆದ್ದವರನ್ನು ಧೈರ್ಯಶಾಲಿಗಳು ಎಂದೆವು, ಸೋತವರನ್ನು ಮರೆತೆವು. ಗೆದ್ದವನ ಕಥೆ ಮಾತ್ರ ಊರೂರು ಸುತ್ತುತ್ತದೆ. ಮುಂದಿನವನು ಇಳಿಯುವುದು ಆ ಕಥೆ ಕೇಳಿಯೇ. ಅದಾಗಲೇ ಸಾಲದಲ್ಲಿ ಮುಳುಗಿದವನಿಗಂತೂ ಸುಮ್ಮನೆ ಕೂರುವುದೂ ಅಪಾಯವೇ. ಹಾಗಾಗಿ ಹೋದರೆ ಹೋಯಿತು ಎಂದು ಹೊರಡುತ್ತಾನೆ.

ದೇವಾಲದ ಹಳೆಯ ಸುರಂಗಗಳು ಇನ್ನೂ ಇವೆ. ಲಂಡನ್ನಿನವರು ಬಿಟ್ಟುಹೋದ ಆ ಬಿಲಗಳಿಗೆ ನಮ್ಮ ಕಾಲದಲ್ಲೂ ಕದ್ದು ಇಳಿದು, ಚೂರು ಬಂಗಾರಕ್ಕಾಗಿ ಪ್ರಾಣ ಬಿಟ್ಟವರಿದ್ದಾರೆ. ಇಳಿಯುವವರು ಬಡವರು. ಒಳಗೆ ಗಾಳಿಯಿಲ್ಲ, ಮಣ್ಣು ಕುಸಿಯುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.