ಕಬ್ಬಿನ ಟ್ರೇಲರ್‌ಗೆ ಬ್ರೇಕ್ ಲೈಟ್ ಹಾಕಿಸಲು ಇನ್ನೇನು ಅಡ್ಡಿ?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ರಾತ್ರಿ ಬೈಕ್ ಓಡಿಸಲು ನಮಗೆ ಭಯ. ಮುಂದೆ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಕೊನೆಯಲ್ಲಿ ಒಂದು ಕೆಂಪು ದೀಪವೂ ಇಲ್ಲ. ಡ್ರೈವರ್ ಬ್ರೇಕ್ ಒತ್ತಿದ್ದು ಹಿಂದಿನವನಿಗೆ ಗೊತ್ತಾಗುವಷ್ಟರಲ್ಲಿ ಕಬ್ಬು ಎದೆಗೇ ಬಂದಿರುತ್ತದೆ.

‘ಹಳೇ ಗಾಡಿ, ಏನ್ ಮಾಡೋದು’ ಎನ್ನುತ್ತಾರೆ ಮಾಲೀಕರು. ನಾವು ಒಪ್ಪುವುದಿಲ್ಲ. ಬ್ರೇಕ್ ಪೆಡಲ್‌ಗೆ ಒಂದು ಸ್ವಿಚ್, ಟ್ರ್ಯಾಕ್ಟರ್ ಹಿಂದೆ ಏಳು ಪಿನ್ನಿನ ಸಾಕೆಟ್, ಅಲ್ಲಿಂದ ಕೊನೆಯ ಟ್ರೇಲರ್‌ವರೆಗೆ ಕೇಬಲ್, 12 ವೋಲ್ಟ್ ದೀಪ. ಊರಿನ ಎಲೆಕ್ಟ್ರಿಷಿಯನ್ ಮಾಡಬಹುದಾದ ಕೆಲಸ. ಸಾಮಾನ್ಯವಾಗಿ ಕೈಕೊಡುವುದು ಅರ್ಥಿಂಗ್. ಬೇರೆ ವೈರ್ ಎಳೆಯದೆ ಕೊಂಡಿಯ ಕಬ್ಬಿಣವನ್ನೇ ನಂಬಿದರೆ, ತುಕ್ಕು, ಗ್ರೀಸು, ಮಣ್ಣು ಸೇರಿ ದೀಪ ಮಂಕಾಗುತ್ತದೆ. ಪ್ರತಿ ದೀಪದಿಂದ ಸಾಕೆಟ್‌ವರೆಗೆ ಅರ್ಥಿಂಗ್ ವೈರ್ ಪ್ರತ್ಯೇಕವಾಗಿರಲಿ. ಹೊರಚಾಚಿದ ಕಬ್ಬು ದೀಪ ಮುಚ್ಚದಿರಲಿ. ರೇಡಿಯಂ ಪಟ್ಟಿಯೂ ಬೇಕು, ಆದರೆ ಗಾಡಿ ನಿಲ್ಲುತ್ತಿದೆ ಎಂದು ಅದು ಹೇಳುವುದಿಲ್ಲ.

ಕಾರ್ಖಾನೆಯವರಿಗೂ ಒಂದು ಮಾತು. ತೂಕ ನೋಡುವಷ್ಟೇ ಶ್ರದ್ಧೆಯಿಂದ ದೀಪವನ್ನೂ ನೋಡಿ. ಖಾಲಿ ಗಾಡಿ ಹೊರಡುವಾಗ ಬ್ರೇಕ್ ಒತ್ತಿಸಿ. ದೀಪ ಹತ್ತದಿದ್ದರೆ ಮುಂದಿನ ಟ್ರಿಪ್ ಕೊಡಬೇಡಿ.

ಮಾಲೀಕರೇ, ಅಲ್ಲಿಯವರೆಗೂ ಕಾಯಬೇಡಿ. ಇವತ್ತು ಸಂಜೆ ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಟ್ರೇಲರ್ ಹಿಂದೆ ನಿಂತು ನೋಡಿ. ನಾಳೆ ಆ ಜಾಗದಲ್ಲಿ ಬೈಕ್ ಮೇಲೆ ಬರುವವನು ನಿಮ್ಮ ಮಗನೇ ಆಗಿರಬಹುದು.