ಹಾವಿಗೆ ರ‍್ಯಾಕ್ ಬೇಡ, ಹಿಡಿದವನಿಗೆ ಪೆಟ್ರೋಲ್ ದುಡ್ಡು ಕೊಡಿ

ನಮ್ಮ ಚಿಕ್ಕಮ್ಮನ ಮಗ ಊರಲ್ಲಿ ಹಾವು ಹಿಡಿಯುತ್ತಾನೆ. ಯಾರ ಮನೆಗೆ ಹಾವು ನುಗ್ಗಿದರೂ ಮೊದಲ ಫೋನು ಅವನಿಗೇ. ಮೊನ್ನೆ ಊರಿಗೆ ಹೋದಾಗ ಕೊಟ್ಟಿಗೆ ಪಕ್ಕದ ಶೀಟಿನ ಕೋಣೆಗೆ ಕರೆದುಕೊಂಡು ಹೋಗಿ, "ಅಕ್ಕಾ, ಹೆಂಗೈತೆ ನೋಡು" ಅಂದ.

ಹಳೇ ಕಬ್ಬಿಣದ ರ‍್ಯಾಕು. ಹಲಗೆಗಳ ನಡುವೆ ಬೀರುವಿನ ಡ್ರಾಯರ್‌ನ ಹಾಗೆ ಎಳೆಯುವ ಪ್ಲಾಸ್ಟಿಕ್ ಡಬ್ಬಿಗಳು. ಪಕ್ಕದಲ್ಲಿ ಗಾಳಿಗೆ ತೂತು. ಯೂಟ್ಯೂಬ್ ನೋಡಿ ತಾನೇ ಮಾಡಿದ್ದಂತೆ. ಡಬ್ಬಿಗಳಿನ್ನೂ ಖಾಲಿ ಇದ್ದವು.

"ಒಂದೊಂದು ಹಾವಿಗೂ ಒಂದೊಂದು ಸಲ ಕಾಡಿಗೆ ಹೋಗೋಕೆ ಪೆಟ್ರೋಲ್ ಯಾರು ಕೊಡ್ತಾರೆ ಅಕ್ಕಾ? ಇದ್ರಲ್ಲಿ ಇಟ್ಕೊಂಡು ತಿಂಗಳಿಗೊಂದು ಸಲ ಬಿಟ್ಟು ಬಂದ್ರಾಯ್ತು. ಹೆಬ್ಬಾವಿನ ಮರಿ ಸಿಕ್ರೆ ಒಂದು ಸಾಕೋಣ ಅಂತಾನೂ ಐತೆ" ಅಂದ.

ಅವನ ಕೈಕೆಲಸವನ್ನು ನಾನು ಹಳಿಯುವುದಿಲ್ಲ. ಆದರೆ ಆ ರ‍್ಯಾಕು ನಮ್ಮ ಹಾವುಗಳಿಗಲ್ಲ. ಯಾಕೆ ಅಂತ ಹೇಳುತ್ತೇನೆ.

ವಿದೇಶದ ವಿಡಿಯೋಗಳಲ್ಲಿ ಈ ರ‍್ಯಾಕಿನೊಳಗೆ ಹೆಚ್ಚಾಗಿ ಕಾಣುವುದು ಬಾಲ್ ಪೈಥಾನ್. ಪಶ್ಚಿಮ ಆಫ್ರಿಕಾದ ಕಡೆಯ, ನಾಲ್ಕೈದು ಅಡಿ ಬೆಳೆಯುವ, ಇಲಿ ಬಿಲದಲ್ಲೋ ಹುತ್ತದಲ್ಲೋ ಮುದುಡಿ ಕೂರುವ ಹೆಬ್ಬಾವು. ಅಲ್ಲಿ ಅದನ್ನು ಮನೆಯಲ್ಲೇ ಮರಿ ಮಾಡಿಸಿ ಮಾರುತ್ತಾರೆ. ರ‍್ಯಾಕಿಗೂ ಒಂದು ಲೆಕ್ಕವಿದೆ. ಮೇಲಿನ ಹಲಗೆಯೇ ಕೆಳಗಿನ ಡಬ್ಬಿಗೆ ಮುಚ್ಚಳ, ಹಾಗಾಗಿ ನಡುವೆ ಸಂದಿಯೇ ಇರಬಾರದು. ಡಬ್ಬಿಯ ಹಿಂಬದಿಗೆ ಮಾತ್ರ ಬಿಸಿಯಾಗುವ ವಯರು. ಹಿಂದೆ ಸುಮಾರು 32 ಡಿಗ್ರಿ, ಮುಂದೆ 26 ಡಿಗ್ರಿ. ಅದು ಏರದಂತೆ ನೋಡಿಕೊಳ್ಳಲು ಥರ್ಮೋಸ್ಟಾಟ್. ಹಾವಿನ ಮೈ ತಾನಾಗಿ ಬಿಸಿಯಾಗುವುದಿಲ್ಲ, ತಂಪಾಗುವುದೂ ಇಲ್ಲ. ಬೇಕಾದ ಕಡೆ ಅದೇ ಸರಿದುಕೊಳ್ಳಬೇಕು. ಇಷ್ಟೆಲ್ಲ ಮಾಡಿದರೂ, ಮೈ ಪೂರ್ತಿ ಚಾಚಲು ಜಾಗವಿಲ್ಲದ ಡಬ್ಬಿ ಹಿಂಸೆಯೇ ಎನ್ನುವ ಜನ ಆ ದೇಶಗಳಲ್ಲೂ ಇದ್ದಾರೆ.

ಈಗ ನಮ್ಮ ಶೀಟಿನ ಕೋಣೆಗೆ ಬನ್ನಿ. ಏಪ್ರಿಲ್ ಮಧ್ಯಾಹ್ನ ಅದರೊಳಗೆ ನಾವೇ ಹತ್ತು ನಿಮಿಷ ಕೂರಲಾರೆವು. ಹೊಲದಲ್ಲಿದ್ದರೆ ಹಾವು ಬಿಲ ಸೇರುತ್ತದೆ, ಡಬ್ಬಿಯೊಳಗೆ ಬೇಯುತ್ತದೆ. ನಮ್ಮ ಕೇರೆ ಹಾವು ಆರೇಳು ಅಡಿ ಉದ್ದ, ಹಗಲೆಲ್ಲ ಓಡಾಡಿ ಇಲಿ ಹಿಡಿಯುವ ಜೀವ. ಡಬ್ಬಿಗೆ ಹಾಕಿದರೆ ಗೋಡೆಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಇನ್ನು ನಾಗರಹಾವೋ ಕೊಳಕುಮಂಡಲವೋ ಆದರೆ, ನೀರಿಡಲು ಡ್ರಾಯರ್ ಎಳೆದ ಪ್ರತಿ ಸಲವೂ ಅದರ ಬಾಯಿ ಮುಂದೆ ನಮ್ಮ ಕೈ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಬಂದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ನಮ್ಮಂಥ ಹಳ್ಳಿಯವರೇ. ಈ ಲೆಕ್ಕಕ್ಕೆ ನನ್ನ ತಮ್ಮ ಸೇರುವುದು ನನಗೆ ಬೇಡ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಹೆಬ್ಬಾವು ಮೊದಲನೇ ಪಟ್ಟಿಯಲ್ಲಿದೆ. ಸಾಕಿ ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ ಜೈಲು, 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. "ಕಾಪಾಡೋಕೆ ಇಟ್ಕೊಂಡಿದ್ದೆ" ಅಂದರೆ ಯಾರೂ ಕೇಳುವುದಿಲ್ಲ. ಬಾಲ್ ಪೈಥಾನ್ ತಂದರೂ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು.

ಹಾಗಾದರೆ ಹಾವನ್ನು ಯಾರೂ ಇಟ್ಟುಕೊಳ್ಳಲೇಬಾರದೇ? ಇಟ್ಟುಕೊಳ್ಳುವವರಿದ್ದಾರೆ. ಚೆನ್ನೈ ಹತ್ತಿರ ವಡನೆಮ್ಮೇಲಿಯಲ್ಲಿ ಇರುಳರು 1978ರಲ್ಲಿ ಹಾವು ಹಿಡಿಯುವವರ ಸಹಕಾರ ಸಂಘ ಕಟ್ಟಿಕೊಂಡರು. ಅವರ ರ‍್ಯಾಕು ಬರೀ ಮಣ್ಣಿನ ಮಡಕೆ, ಬಾಯಿಗೆ ಬಟ್ಟೆ. ನಮ್ಮ ಹುಡುಗನದ್ದಕ್ಕಿಂತ ಅಗ್ಗ, ಒಳಗೆ ತಂಪು. ಆದರೆ ಅವರು ಸರ್ಕಾರದ ಪರವಾನಗಿ ಪಡೆದು ಹಿಡಿಯುತ್ತಾರೆ. ಕೆಲವೇ ವಾರ ಇಟ್ಟುಕೊಂಡು, ವಿಷ ತೆಗೆದು, ಅದೇ ಹಾವನ್ನು ಮತ್ತೆ ಹಿಡಿಯದ ಹಾಗೆ ಹೊಟ್ಟೆಯ ಪೊರೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಆ ವಿಷದಿಂದಲೇ ನಮ್ಮ ಆಸ್ಪತ್ರೆಗಳಿಗೆ ಬರುವ ಔಷಧಿ ತಯಾರಾಗುತ್ತದೆ. ಅಲ್ಲಿ ಹಾವು ಇಡುವುದಕ್ಕೆ ಒಂದು ಕಾರಣವಿದೆ, ಬಿಡುವುದಕ್ಕೆ ಒಂದು ದಿನವಿದೆ. ನಮ್ಮ ಕೊಟ್ಟಿಗೆಯ ರ‍್ಯಾಕಿಗೆ ಎರಡೂ ಇಲ್ಲ.

ಇಷ್ಟು ಹೇಳಿದ್ದಕ್ಕೆ ಅವನು, "ಸರಿ, ಪೆಟ್ರೋಲ್ ನೀನು ಕೊಡ್ತೀಯಾ?" ಅಂದ.

ನನ್ನ ಬಾಯಿ ಕಟ್ಟಿತು. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಕರೆಸುತ್ತೇವೆ. ಹಾವು ಚೀಲ ಸೇರಿದ ಕೂಡಲೇ "ದೇವರು ಒಳ್ಳೇದು ಮಾಡ್ಲಿ" ಅಂದು ಬಾಗಿಲು ಹಾಕಿಕೊಳ್ಳುತ್ತೇವೆ. ಅವನ ಗಾಡಿ ದೇವರ ಹೆಸರಲ್ಲಿ ಓಡುವುದಿಲ್ಲ. ಆ ರ‍್ಯಾಕು ಹುಟ್ಟಿದ್ದು ಅವನ ಹುಚ್ಚಿನಿಂದಲ್ಲ, ನಮ್ಮ ಜಿಪುಣತನದಿಂದ.

ಆದ್ದರಿಂದ ಊರವರಲ್ಲಿ ನನ್ನ ಬೇಡಿಕೆ ಮೂರೇ. ಹಿಡಿಯಲು ಕರೆದವರು ಪೆಟ್ರೋಲ್ ದುಡ್ಡು ಕೊಡಿ, ಇಲ್ಲವೇ ಸಂಘದಲ್ಲೋ ಪಂಚಾಯಿತಿಯಲ್ಲೋ ಅದಕ್ಕೊಂದು ಪುಟ್ಟ ನಿಧಿ ಮಾಡಿ. ಹೊಲದ ಬದುವಿನಲ್ಲಿ ಕೇರೆ ಹಾವು ಕಂಡರೆ ಫೋನೇ ಮಾಡಬೇಡಿ. ಅದು ನಿಮ್ಮ ಭತ್ತ, ರಾಗಿ ಕಾಯುವ ಆಳು, ಕೂಲಿ ಕೇಳುವುದಿಲ್ಲ. ಮನೆಯೊಳಗೆ ಸಿಕ್ಕ ಹಾವನ್ನು ಹಿಡಿಸಿದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವತ್ತೇ ಹತ್ತಿರದಲ್ಲೇ ತಕ್ಕ ಜಾಗಕ್ಕೆ ಬಿಡಿಸಿ. ದೂರದ ಕಾಡಿಗೆ ಹೋದ ಹಾವಿಗೆ ಅಲ್ಲಿ ಬಿಲವೂ ಗೊತ್ತಿಲ್ಲ, ಬೇಟೆಯ ಜಾಗವೂ ಗೊತ್ತಿಲ್ಲ.

ನಾನು ಹೊರಡುವ ಹೊತ್ತಿಗೆ ಚಿಕ್ಕಮ್ಮ ಎರಡು ಡಬ್ಬಿ ಎತ್ತಿಕೊಂಡು ಅವರೆಕಾಳು ತುಂಬಿಸಿದ್ದರು. ಉಳಿದವು ಇನ್ನೂ ರ‍್ಯಾಕಿನಲ್ಲೇ ಇವೆ. ಅವು ಏನಾಗಬೇಕು ಅನ್ನುವುದು ಈಗ ಅವನಿಗಿಂತ ಹೆಚ್ಚಾಗಿ ನಮ್ಮ ಕೈಯಲ್ಲಿದೆ.