ಬೆಟ್ಟಕ್ಕೆ ಹಸುರನ್ನು ಮರಳಿಸಿದ ಚಿತ್ರ

ಚಿತ್ರಕಾರನಾದವನು ಕಂಡುದೆಲ್ಲವನ್ನೂ ಕಂಡಂತೆಯೇ ಬರೆಯಬೇಕೋ, ಅಥವಾ ಅದರ ಸಾರವನ್ನು ಮಾತ್ರ ಹಿಡಿದು ಉಳಿದುದನ್ನು ಬಿಟ್ಟುಬಿಡಬೇಕೋ ಎಂಬುದು ಬಹುಕಾಲದಿಂದ ನಡೆದುಬಂದಿರುವ ವಾದ. ಒಂದೊಂದು ಎಲೆಯನ್ನೂ ಎಣಿಸಿ ಬರೆಯುವವನನ್ನು ರಸಿಕರು ಅಷ್ಟಾಗಿ ಮೆಚ್ಚುವುದಿಲ್ಲ. ಅವನಿಗೆ ಕೈ ಉಂಟು, ಹೃದಯವಿಲ್ಲ ಎಂದುಬಿಡುತ್ತಾರೆ. ಆ ವಾದದ ತೀರ್ಮಾನವನ್ನು ಪಂಡಿತರಿಗೆ ಬಿಟ್ಟು, ಈ ತಿಂಗಳು ವಾಚಕರಿಗೆ ಒಬ್ಬ ಚಿತ್ರಕಾರನ ಜೀವನವೃತ್ತಾಂತವನ್ನು ಹೇಳಬಯಸುತ್ತೇವೆ. ಎಲೆಗಳನ್ನು ಎಣಿಸುವವನೆಂದು ಆತನು ಬದುಕಿದ್ದಾಗಲೇ ಆಕ್ಷೇಪಣೆಗೆ ಗುರಿಯಾದನು. ಆದರೆ ಆತನು ಕಣ್ಮರೆಯಾಗಿ ಅರುವತ್ತು ವರ್ಷಗಳಾದ ಮೇಲೆ ಆ ಎಲೆಗಳ ಲೆಕ್ಕವೇ ಒಂದು ಬೋಳು ಬೆಟ್ಟವನ್ನು ಮತ್ತೆ ಕಾಡನ್ನಾಗಿ ಮಾಡಲು ನೆರವಾಯಿತು. ಆತನ ಹೆಸರು ಯೂಜೀನ್ ಫಾನ್ ಗೆರಾರ್ಡ್. ಆತನ ಕೀರ್ತಿಗೆ ಕಾರಣವಾದ ನಾಡು ಆಸ್ಟ್ರೇಲಿಯ.

ಗೆರಾರ್ಡನು ಹುಟ್ಟಿದ್ದು ಆಸ್ಟ್ರಿಯ ದೇಶದ ರಾಜಧಾನಿಯಾದ ವಿಯೆನ್ನಾ ನಗರದಲ್ಲಿ, 1811ನೆಯ ಇಸವಿ ನವೆಂಬರು ತಿಂಗಳು 17ನೆಯ ತಾರೀಖು. ತಂದೆಯಾದ ಬರ್ನಾರ್ಡನು ಚಕ್ರವರ್ತಿ ಒಂದನೆಯ ಫ್ರಾನ್ಸಿಸನ ಆಸ್ಥಾನದಲ್ಲಿ ಚಿತ್ರಕಾರನಾಗಿದ್ದನು. ಅಂಗೈಯಗಲದ ಸೂಕ್ಷ್ಮ ಭಾವಚಿತ್ರಗಳನ್ನು ಬರೆಯುವುದರಲ್ಲಿ ನಿಪುಣನು. ಹೀಗೆ ಮಗನಿಗೆ ಕುಂಚವು ಮನೆಯ ಆಸ್ತಿಯಾಗಿಯೇ ಬಂದಿತು. ಹುಡುಗನಿಗೆ ಹದಿನೈದು ತುಂಬುವ ಹೊತ್ತಿಗೆ, 1826ರಲ್ಲಿ, ತಂದೆಯು ಅವನನ್ನು ಜೊತೆಗೆ ಕರೆದುಕೊಂಡು ಇಟಲಿಗೆ ಹೊರಟನು. ತಂದೆಮಕ್ಕಳಿಬ್ಬರೂ ಊರಿಂದೂರಿಗೆ ಸಂಚರಿಸುತ್ತ, ಕಂಡುದನ್ನು ಬರೆದುಕೊಳ್ಳುತ್ತ, ಕೆಲವು ವರ್ಷ ರೋಮಿನಲ್ಲಿಯೂ ಅನಂತರ ನೇಪಲ್ಸಿನಲ್ಲಿಯೂ ವಾಸಮಾಡಿದರು. ನೇಪಲ್ಸಿನ ಪಕ್ಕದಲ್ಲಿಯೇ ವೆಸೂವಿಯಸ್ ಎಂಬ ಜ್ವಾಲಾಮುಖಿ ಇರುವುದು. ಬೆಂಕಿಯುಗುಳುವ ಬೆಟ್ಟದ ಆಕಾರವೆಂತಹುದು, ಅದರ ಬೂದಿ ಬಿದ್ದ ನೆಲದಲ್ಲಿ ಯಾವ ಗಿಡ ಬೆಳೆಯುವುದು ಎಂಬುದನ್ನೆಲ್ಲ ತರುಣನು ಅಲ್ಲಿ ಕಣ್ಣಾರೆ ಕಂಡನು. ಮುಂದೆ ಭೂಮಿಯ ಇನ್ನೊಂದು ತುದಿಯಲ್ಲಿ ಈ ಅರಿವು ಅವನಿಗೆ ಉಪಯೋಗಕ್ಕೆ ಬರಲಿದ್ದಿತು.

1836ರಲ್ಲಿ ನೇಪಲ್ಸಿಗೆ ವಾಂತಿಭೇದಿಯ ಜಾಡ್ಯ ಬಂದು ತಂದೆಯು ಅದಕ್ಕೆ ಬಲಿಯಾದನು. ಇಪ್ಪತ್ತೈದರ ಹರೆಯದಲ್ಲಿ ತಂದೆಯನ್ನೂ ಗುರುವನ್ನೂ ಒಟ್ಟಿಗೇ ಕಳೆದುಕೊಂಡ ಗೆರಾರ್ಡನು ಸ್ವಲ್ಪ ಕಾಲದ ಮೇಲೆ ಜರ್ಮನಿಯ ಡಸೆಲ್ಡಾರ್ಫ್ ನಗರಕ್ಕೆ ಹೋಗಿ ಅಲ್ಲಿನ ಪ್ರಸಿದ್ಧವಾದ ಕಲಾಶಾಲೆಯನ್ನು ಸೇರಿದನು. ಅಲ್ಲಿ ನಿಸರ್ಗಚಿತ್ರದ ಗುರುವಾಗಿದ್ದವನು ಶಿರ್ಮರ್ ಎಂಬಾತನು. ಬಯಲಿಗೆ ಹೋಗಿ ಕುಳಿತು, ಬಂಡೆಯನ್ನು ಬಂಡೆಯೆಂದೂ ಮರವನ್ನು ಇಂತಹುದೇ ಮರವೆಂದೂ ಗುರುತು ಸಿಕ್ಕುವಂತೆ ಬರೆಯಬೇಕೆಂಬುದು ಅಲ್ಲಿನ ಪಾಠ. ಅದೇ ಕಾಲದಲ್ಲಿ ಜರ್ಮನಿಯ ಮಹಾವಿಜ್ಞಾನಿಯಾದ ಹುಂಬೋಲ್ಟನು, ಒಂದೊಂದು ಸೀಮೆಯ ಗಿಡಮರಗಳಿಗೂ ಕಲ್ಲುಮಣ್ಣುಗಳಿಗೂ ಅವುಗಳದೇ ಆದ ಮುಖಲಕ್ಷಣವಿರುವುದೆಂದೂ ಚಿತ್ರಕಾರನು ಅದನ್ನು ಅಭ್ಯಾಸಮಾಡಬೇಕೆಂದೂ ಬರೆಯುತ್ತಿದ್ದನು. ಈ ಮಾತು ಗೆರಾರ್ಡನ ಮನಸ್ಸಿನಲ್ಲಿ ಬೇರೂರಿತು.

1851ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಚಿನ್ನ ದೊರೆಯಿತು. ಆ ಸುದ್ದಿ ಹಬ್ಬಿದ್ದೇ ತಡ, ಲೋಕದ ನಾನಾ ಕಡೆಗಳಿಂದ ಜನರು ಗುದ್ದಲಿ ಹಿಡಿದು ಅತ್ತ ಹೊರಟರು. ನಾಲ್ವತ್ತೊಂದು ವರ್ಷದ ನಮ್ಮ ಚಿತ್ರಕಾರನಿಗೂ ಆ ಆಸೆ ಹಿಡಿಯಿತು. 1852ರ ಡಿಸೆಂಬರು ಕೊನೆಯಲ್ಲಿ ಆತನು ಜೀಲಾಂಗ್ ಬಂದರಿನಲ್ಲಿ ಇಳಿದು, ಅಲ್ಲಿಂದ ಬ್ಯಾಲರಟ್ಟಿನ ಚಿನ್ನದ ನೆಲಕ್ಕೆ ನಡೆದನು. ಒಂದು ವರ್ಷಕ್ಕೂ ಮಿಕ್ಕಿ ಗುಡಾರದಲ್ಲಿ ಮಲಗಿ, ಕೆಸರಿನಲ್ಲಿ ಅಗೆದು, ಮಣ್ಣನ್ನು ತೊಳೆದನು. ಲಕ್ಷ್ಮಿಯು ಒಲಿಯಲಿಲ್ಲ. ಆದರೆ ಹಗಲು ಅಗೆದು ದಣಿದ ಕೈ ಪೆನ್ಸಿಲನ್ನು ಕೆಳಗಿಡಲಿಲ್ಲ. ದಿನಚರಿಯನ್ನೂ ಚಿತ್ರಗಳನ್ನೂ ತಪ್ಪದೆ ಬರೆಯಿತು. ಮೂವತ್ತು ವರ್ಷಗಳ ಅನಂತರ, 1884ರಲ್ಲಿ, ಆತನು ಯೂರೋಪಿನಲ್ಲಿ ಕುಳಿತು ಆ ಹಳೆಯ ಪುಸ್ತಕಗಳನ್ನು ತೆರೆದು, 1853-54ರ ಬೇಸಗೆಯಲ್ಲಿ ಬ್ಯಾಲರಟ್ಟು ಇದ್ದಂತೆಯೇ ಅದನ್ನು ವರ್ಣಗಳಲ್ಲಿ ಮರಳಿ ಕಟ್ಟಿದನು. ಆ ಚಿತ್ರವು ಇಂದು ಬ್ಯಾಲರಟ್ಟಿನ ಕಲಾಶಾಲೆಯ ಸಂಪತ್ತು.

1854ರಲ್ಲಿ ಆತನು ಗುದ್ದಲಿಯನ್ನು ಬಿಟ್ಟು ಮೆಲ್ಬರ್ನ್ ನಗರದಲ್ಲಿ ಕುಂಚವನ್ನು ಹಿಡಿದನು. ಅದೇ ವರ್ಷ ಲೂಯಿಸ್ ಆರ್ನ್ಸ್ ಎಂಬಾಕೆಯನ್ನು ಮದುವೆಯಾದನು. ಕುರಿಗಳ ಉಣ್ಣೆಯಿಂದ ಧನಿಕರಾಗಿದ್ದ ದೊಡ್ಡ ಹಿಡುವಳಿದಾರರು ತಮ್ಮ ಮನೆ, ಕೆರೆ, ಗೋಮಾಳಗಳ ಚಿತ್ರವನ್ನು ಬರೆಯಿಸಿ ಗೋಡೆಗೆ ತೂಗುಹಾಕಿಕೊಳ್ಳಲು ಆಶಿಸುತ್ತಿದ್ದರು. ಆ ಕೆಲಸದಿಂದ ಜೀವನ ಸಾಗಿತು. ಬಿಡುವಿನಲ್ಲಿ ಆತನು ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ಬೆಟ್ಟಕಾಡುಗಳನ್ನು ಅಲೆದನು. ಸ್ಥಳದಲ್ಲಿಯೇ ಕುಳಿತು ಪೆನ್ಸಿಲಿನಿಂದ ಗೆರೆಯೆಳೆದು, ಊರನ್ನೂ ತಾರೀಖನ್ನೂ ಮೂಲೆಯಲ್ಲಿ ಗುರುತುಹಾಕಿಕೊಂಡು, ಮನೆಗೆ ಬಂದು ಅದರಿಂದ ತೈಲಚಿತ್ರವನ್ನು ರಚಿಸುವುದು ಆತನ ಪದ್ಧತಿ. 1862ರ ನವೆಂಬರಿನಲ್ಲಿ ನಾಯ್ಮಾಯರ್ ಎಂಬ ವಿಜ್ಞಾನಿಯು ಭೂಮಿಯ ಅಯಸ್ಕಾಂತಶಕ್ತಿಯನ್ನು ಅಳೆಯುತ್ತ ಕಾಸ್ಯುಸ್ಕೋ ಪರ್ವತಕ್ಕೆ ಹೋದಾಗ ಗೆರಾರ್ಡನೂ ಜೊತೆಗೆ ಹತ್ತಿದನು. ಮರುವರ್ಷ ಬರೆದ ಆ ಶಿಖರದ ಚಿತ್ರದಲ್ಲಿ ಬಂಡೆಗಳ ಬಿರುಕು ಬಿರುಕೂ ಎಣಿಕೆಗೆ ಸಿಕ್ಕುವಂತಿದೆ. ಅವುಗಳ ನಡುವೆ ಮನುಷ್ಯರು ಇರುವೆಗಳಷ್ಟು.

ಈಗ ನಾವು ಹೇಳಹೊರಟ ಬೆಟ್ಟದ ವಿಷಯಕ್ಕೆ ಬರೋಣ. ವಿಕ್ಟೋರಿಯ ಪ್ರಾಂತದ ಪಶ್ಚಿಮಭಾಗದಲ್ಲಿ, ಸಮುದ್ರಕ್ಕೆ ಸಮೀಪದಲ್ಲಿ, ವಾರ್ನಂಬೂಲ್ ಪಟ್ಟಣದ ಹತ್ತಿರ, ಟವರ್ ಹಿಲ್ ಎಂಬ ತಣ್ಣಗಾದ ಜ್ವಾಲಾಮುಖಿ ಇರುವುದು. ಅದು ಸಿಡಿದುದು ಮೂವತ್ತು ಸಾವಿರ ವರ್ಷಗಳಿಗಿಂತಲೂ ಹಿಂದೆ. ಬೆಟ್ಟದ ಬಾಯಿ ಅಗಲವಾದ ಬೋಗುಣಿಯಂತಿದ್ದು, ಒಳಗೆ ನೀರು ನಿಂತು ಸರೋವರವಾಗಿದೆ. ಸರೋವರದ ನಡುವೆ ಸಣ್ಣ ಸಣ್ಣ ಗುಡ್ಡಗಳು ದ್ವೀಪಗಳಂತೆ ಎದ್ದಿವೆ. 1940ರ ದಶಕದಲ್ಲಿ ಅದರ ಬೂದಿಯ ಪದರದ ಕೆಳಗೆ ಒಂದು ಕಲ್ಲುಕೊಡಲಿ ಸಿಕ್ಕಿತು. ಎಂದರೆ ಬೆಟ್ಟ ಬೆಂಕಿಯುಗುಳುವುದಕ್ಕಿಂತ ಮೊದಲೇ ಅಲ್ಲಿ ಮನುಷ್ಯರು ಬಾಳಿದ್ದರು. ಆ ಸೀಮೆಯ ಮೂಲನಿವಾಸಿಗಳಾದ ಗುಂಡಿಚ್‌ಮಾರರಿಗೆ ಅದು ಅನಾದಿಯಿಂದಲೂ ತಮ್ಮ ನೆಲ.

ಅಲ್ಲಿಗೆ ಸಮೀಪದ ಕಂಗಟಾಂಗ್ ಎಂಬಲ್ಲಿ ಜೇಮ್ಸ್ ಡಾಸನ್ ಎಂಬ ಸ್ಕಾಟ್ಲೆಂಡಿನ ಗೃಹಸ್ಥನು ಜಮೀನು ಮಾಡಿಕೊಂಡಿದ್ದನು. ಇತರ ವಲಸೆಗಾರರಂತಲ್ಲದೆ ಆತನು ಮೂಲನಿವಾಸಿಗಳ ನುಡಿಯನ್ನೂ ನಡೆಯನ್ನೂ ಆದರದಿಂದ ಕಲಿತು, ಮಗಳು ಇಸಬೆಲ್ಲಳ ನೆರವಿನಿಂದ ಅವರ ವಿಷಯವಾಗಿ 1881ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. 1855ರಲ್ಲಿ ಆತನು ಗೆರಾರ್ಡನನ್ನು ಕರೆಯಿಸಿ ಟವರ್ ಹಿಲ್ಲಿನ ಚಿತ್ರವನ್ನು ಬರೆದುಕೊಡೆಂದು ಕೇಳಿದನು. ಆಗ ನಡೆದ ಒಂದು ಸಂಗತಿ ಮನೋಹರವಾದುದು. ಡಾಸನನ ಆಶ್ರಯದಲ್ಲಿ ಜಾನಿ ಎಂದು ಕರೆಯಲ್ಪಡುತ್ತಿದ್ದ ಮೂಲನಿವಾಸಿ ತರುಣನೊಬ್ಬನಿದ್ದನು. ಗೆರಾರ್ಡನು ಬರೆಯುವುದನ್ನು ನೋಡಿ ಅವನೂ ಕಾಗದ ಹಿಡಿದು, ಚಿತ್ರ ಬರೆಯುತ್ತ ಕುಳಿತಿರುವ ಗೆರಾರ್ಡನನ್ನೇ ಬರೆದನು! ಗೆರಾರ್ಡನು ಆ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡುದರಿಂದ ಅದು ಇಂದಿಗೂ ಸಿಡ್ನಿ ನಗರದ ಗ್ರಂಥಭಂಡಾರದಲ್ಲಿ ಉಳಿದಿದೆ.

ಡಾಸನನಿಗಾಗಿ ಬರೆದ ಟವರ್ ಹಿಲ್ಲಿನ ಚಿತ್ರವು ಸುಮಾರು 4 ಅಡಿ ಅಗಲದ್ದು. ಬೆಟ್ಟದ ಅಂಚಿನಿಂದ ಒಳಗಿನ ಸರೋವರವನ್ನೂ ದ್ವೀಪಗಳನ್ನೂ ನೋಡುವಂತೆ ಅದನ್ನು ರಚಿಸಿದೆ. ದೂರದ ಗುಡ್ಡಗಳ ಮೇಲೆ ಮರಗಳು ದಟ್ಟವಾಗಿವೆ. ಹತ್ತಿರದ ಗಿಡಗಳನ್ನಂತೂ ಸಸ್ಯಶಾಸ್ತ್ರದ ವಿದ್ಯಾರ್ಥಿಯು ಒಂದೊಂದಾಗಿ ಗುರುತಿಸಿ ಹೆಸರು ಹೇಳಬಹುದು.

ಚಿತ್ರವು ಡಾಸನನ ಮನೆಯ ಗೋಡೆಯ ಮೇಲೆ ಹಸುರಾಗಿಯೇ ಇದ್ದಿತು, ಬೆಟ್ಟವು ಹಾಗಿರಲಿಲ್ಲ. ವಲಸೆಗಾರರು ಸೌದೆಗೂ ಮೋಪಿಗೂ ಮರಗಳನ್ನು ಕಡಿದರು. ದನಗಳು ಚಿಗುರನ್ನು ಮೇದುವು. ರಸ್ತೆಗಾಗಿ ಬೆಟ್ಟದ ಒಡಲಿನಿಂದ ಜಲ್ಲಿಯನ್ನು ತೋಡಿದರು. ಮುಪ್ಪಿನಲ್ಲಿ ಅದನ್ನು ಕಂಡು ಡಾಸನನು ಮರುಗಿದನು. 1892ರಲ್ಲಿ ಸರ್ಕಾರವು ಕಾನೂನು ಮಾಡಿ ಆ ಸ್ಥಳವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿತಾದರೂ, ಮೇಯಿಸುವುದೂ ತೋಡುವುದೂ ನಿಲ್ಲಲಿಲ್ಲ. ಕೊನೆಗೆ ಉಳಿದುದು ಒಣ ಹುಲ್ಲಿನ ಬೋಳುಗುಡ್ಡ.

ಇತ್ತ ಚಿತ್ರಕಾರನ ಭಾಗ್ಯವೂ ಇಳಿಮುಖವಾಗುತ್ತಿದ್ದಿತು. 1865ರಲ್ಲಿ ಲೂಯಿ ಬುವೆಲೊ ಎಂಬ ಸ್ವಿಸ್ ಚಿತ್ರಕಾರನು ಮೆಲ್ಬರ್ನಿಗೆ ಬಂದನು. ಆತನ ಚಿತ್ರಗಳಲ್ಲಿ ಹಳ್ಳಿಯ ಹಾದಿ, ಸಂಜೆಯ ಬೆಳಕು, ಸಡಿಲವಾದ ಕುಂಚದ ಓಟ. ಜನರ ಮನಸ್ಸು ಅತ್ತ ತಿರುಗಿತು. 1870ರಲ್ಲಿ ಆರ್ಗಸ್ ಪತ್ರಿಕೆಯ ಪ್ರಬಲ ವಿಮರ್ಶಕನಾದ ಜೇಮ್ಸ್ ಸ್ಮಿತ್ತನು ಗೆರಾರ್ಡನ ಅತಿಸೂಕ್ಷ್ಮತೆಯನ್ನು ಬಹಿರಂಗವಾಗಿ ಹಳಿದನು. ಅದೇ ವರ್ಷ ಗೆರಾರ್ಡನು ವಿಕ್ಟೋರಿಯದ ರಾಷ್ಟ್ರೀಯ ಕಲಾಭವನದ ಶಾಲೆಗೆ ಮೊದಲನೆಯ ಗುರುವಾಗಿ ನೇಮಕವಾದುದು ನಿಜ. ಆದರೆ ಚಿತ್ರಗಳನ್ನು ನೋಡಿ ನಕಲು ಮಾಡಿಸುವ ಆತನ ಬೋಧನೆ ಎಳೆಯರಿಗೆ ಸಪ್ಪೆಯೆನಿಸಿತು. ಮುಂದೆ ಆಸ್ಟ್ರೇಲಿಯದ ಬಿಸಿಲನ್ನೇ ಬಣ್ಣವಾಗಿಸಿದ ಟಾಮ್ ರಾಬರ್ಟ್ಸನೂ ಫ್ರೆಡರಿಕ್ ಮೆಕ್ಕಬಿನನೂ ಆ ಶಾಲೆಯಲ್ಲಿ ಕಲಿತವರೇ. ಅವರು ಹಿಡಿದುದು ಬೇರೆ ಹಾದಿ. 1889ರಲ್ಲಿ ರಾಬರ್ಟ್ಸ್ ಮುಂತಾದವರು ಸಿಗಾರ್ ಪೆಟ್ಟಿಗೆಯ ಮುಚ್ಚಳಗಳ ಮೇಲೆ ಬಿರುಸಾಗಿ ಬರೆದ ಚಿತ್ರಗಳನ್ನು ಪ್ರದರ್ಶಿಸಿದಾಗ, ಇವು ಪೂರ್ತಿಯಾಗದ ಚಿತ್ರಗಳೆಂದು ಹಳಿದವನೂ ಅದೇ ಸ್ಮಿತ್ತನೇ! ಎಲೆ ಎಣಿಸಿದವನಿಗೂ ಬೈಗುಳ, ಎಣಿಸದವನಿಗೂ ಬೈಗುಳ. ವಿಮರ್ಶಕರನ್ನು ಮೆಚ್ಚಿಸಲು ಹೊರಟವನ ಪಾಡು ಎಂದಿಗೂ ಇಷ್ಟೇ ಎಂದು ವಾಚಕರು ಮುಗುಳುನಗಬಹುದು.

1881ರ ಕೊನೆಯಲ್ಲಿ ಗೆರಾರ್ಡನು ಕೆಲಸದಿಂದ ನಿವೃತ್ತನಾಗಿ ಮರುವರ್ಷ ಯೂರೋಪಿಗೆ ಹಿಂದಿರುಗಿದನು. 1891ರಲ್ಲಿ ಲಂಡನ್ನನ್ನು ಸೇರಿದನು. ಆಸ್ಟ್ರೇಲಿಯದಲ್ಲಿ ಕೂಡಿಟ್ಟಿದ್ದ ಹಣವು 1893ರಲ್ಲಿ ಅಲ್ಲಿನ ಬ್ಯಾಂಕುಗಳು ಮುಳುಗಿದಾಗ ಅವುಗಳೊಡನೆ ಮುಳುಗಿತು. 1901ರ ಏಪ್ರಿಲು 17ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಗೆರಾರ್ಡನು ತೀರಿಕೊಂಡನು. ಅಷ್ಟರಲ್ಲಿ ಮೆಲ್ಬರ್ನಿನ ಹೊಸ ತಲೆಮಾರಿಗೆ ಆತನ ಚಿತ್ರಗಳು ಹಳೆಯ ಕಾಲದ ಸಾಮಾನುಗಳಾಗಿದ್ದುವು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಅದನ್ನು ಹೇಳುತ್ತಿರಲಿಲ್ಲ. 1961ರಲ್ಲಿ ಟವರ್ ಹಿಲ್ಲನ್ನು ವನ್ಯಪ್ರಾಣಿಗಳ ರಕ್ಷಿತಪ್ರದೇಶವನ್ನಾಗಿ ಮಾಡಿ, ಅಲ್ಲಿ ಮತ್ತೆ ಕಾಡನ್ನು ಎಬ್ಬಿಸಬೇಕೆಂದು ನಿಶ್ಚಯಿಸಿದರು. ಆದರೆ ಯಾವ ಕಾಡು? ಬರಿಯ ನೆರಳಿಗಾಗಿ ಯಾವ ಮರವನ್ನಾದರೂ ನೆಡಬಹುದು. ಬೆಟ್ಟಕ್ಕೆ ಅದರದೇ ಮರಗಳನ್ನು ಮರಳಿ ಕೊಡಬೇಕಾದರೆ ಮೊದಲು ಏನಿದ್ದಿತೆಂಬುದು ತಿಳಿಯಬೇಕು. ಅದನ್ನು ಕಂಡಿದ್ದವರು ಯಾರೂ ಉಳಿದಿರಲಿಲ್ಲ. ಆಗ ನೆನಪಿಗೆ ಬಂದುದು 1855ರ ಆ ಚಿತ್ರ. ಸಸ್ಯಶಾಸ್ತ್ರಜ್ಞರು ಅದರ ಮುಂದೆ ನಿಂತು, ಯಾವ ಇಳಿಜಾರಿನಲ್ಲಿ ಯಾವ ಗಿಡ, ನೀರಿನ ಅಂಚಿನಲ್ಲಿ ಯಾವುದು, ಮೇಲೆ ಯಾವುದು ಎಂದು ಹಳೆಯ ಕಡತವನ್ನು ಓದುವಂತೆ ಓದಿಕೊಂಡರು. ನಾವು ನೀಲಗಿರಿ ಮರವೆಂದು ಕರೆಯುವ ಯೂಕಲಿಪ್ಟಸ್ ಕುಲದ ಮರಗಳು, ನಮ್ಮ ಕಡಲತೀರದ ಗಾಳಿಮರದ ಬಳಗಕ್ಕೆ ಸೇರಿದ ಮರಗಳು, ಪೊದೆಗಳು, ಹುಲ್ಲುಗಳು ಹೀಗೆ ಮರಳಿ ಬಂದುವು. ಶಾಲೆಯ ಮಕ್ಕಳೂ ಊರಿನ ಸ್ವಯಂಸೇವಕರೂ ಸೇರಿ ವರ್ಷವರ್ಷವೂ ನೆಟ್ಟು ಗಿಡಗಳ ಸಂಖ್ಯೆ ಲಕ್ಷಗಟ್ಟಲೆಯಾಯಿತು. ಮರಗಳ ಹಿಂದೆ ಎಮು ಪಕ್ಷಿಗಳೂ ಕಾಂಗರೂಗಳೂ ಕೋಆಲಗಳೂ ಬಂದು ನೆಲೆಸಿದುವು. ಚಿತ್ರವನ್ನು 1966ರಲ್ಲಿ ಸಾರ್ವಜನಿಕರ ಸ್ವತ್ತಾಗಿ ದಾನಮಾಡಲಾಯಿತು. ಅದನ್ನು ವಾರ್ನಂಬೂಲಿನ ಕಲಾಶಾಲೆಯಲ್ಲಿ ಇರಿಸಲಾಯಿತು. ಕಾಲಕ್ರಮದಲ್ಲಿ ಗೆರಾರ್ಡನ ಕೀರ್ತಿಯೂ ಚಿಗುರಿತು. 2011ರಲ್ಲಿ, ಆತನು ಒಮ್ಮೆ ಗುರುವಾಗಿದ್ದ ಕಲಾಭವನವೇ ಆತನ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು.

ಹಾಗಾದರೆ ಮೊದಲು ಹೇಳಿದ ವಾದದಲ್ಲಿ ಗೆದ್ದವರಾರು? ಬುವೆಲೊನ ಸಂಜೆಯ ಬೆಳಕೂ ರಾಬರ್ಟ್ಸನ ಬಿಸಿಲೂ ಇಂದಿಗೂ ಕಣ್ಣಿಗೆ ಆನಂದವನ್ನು ಕೊಡುತ್ತಿವೆ. ಅವರ ಹಾದಿಯನ್ನು ತಪ್ಪೆನ್ನಲಾಗದು. ಆದರೆ ಆ ಬೆಟ್ಟವು ಬೋಳಾಗಿ ನಿಂತ ಕಾಲದಲ್ಲಿ ಅದಕ್ಕೆ ಬೇಕಾಗಿದ್ದುದು ಒಬ್ಬ ನಂಬಿಗಸ್ತ ಸಾಕ್ಷಿ. ಬೆಟ್ಟವನ್ನು ಅಲಂಕರಿಸದೆ, ತನಗೆ ಬೇಡವಾದುದನ್ನು ಬಿಡದೆ, ಪ್ರತಿಯೊಂದು ಗಿಡಕ್ಕೂ ಅದರ ಸ್ಥಾನವನ್ನು ಕೊಟ್ಟು ಬರೆದವನು ಒಬ್ಬನಿದ್ದುದರಿಂದ ಆ ಸಾಕ್ಷಿ ದೊರೆಯಿತು. ಮುಂದೆ ತನ್ನ ಚಿತ್ರವನ್ನು ನೋಡಿ ಜನರು ಸಸಿ ನೆಡುವರೆಂದು ಗೆರಾರ್ಡನು ಕನಸಿನಲ್ಲಿಯೂ ಎಣಿಸಿರಲಾರನು. ಎದುರಿಗಿದ್ದ ಮರಕ್ಕೆ ಆ ದಿನ ಸಲ್ಲಬೇಕಾದ ನ್ಯಾಯವನ್ನು ಆ ದಿನವೇ ಸಲ್ಲಿಸಿದನು. ಮನೆಯ ಲೆಕ್ಕವನ್ನು ದಿನದಿನವೂ ತಪ್ಪದೆ ಬರೆದಿಡುವ ಗೃಹಿಣಿಗೂ, ಹೊಲದ ಮಳೆಬೆಳೆಯನ್ನು ಗುರುತುಹಾಕಿಕೊಳ್ಳುವ ರೈತನಿಗೂ ಈ ಗುಣದ ಬೆಲೆ ಹೊಸದಾಗಿ ತಿಳಿಯಬೇಕಾದುದಲ್ಲ. ಯಾರಿಗೆ, ಎಂದು, ಯಾವುದು ಬೇಕಾಗುವುದೋ ಬಲ್ಲವರಾರು? ಬರೆದಿಟ್ಟುದು ಸತ್ಯವಾಗಿದ್ದರೆ, ಬೇಕಾದವನು ತಾನಾಗಿಯೇ ಹುಡುಕಿಕೊಂಡು ಬರುತ್ತಾನೆ.